ಬೀಗ ಬಿದ್ದ ಗೂಡ್ಸ್ ಶೆಡ್ಡು

ಉಡುಪಿಗೂ ಕಾಪುವಿಗೂ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಾನು ಗೂಡ್ಸ್ ಗುಮಾಸ್ತನಾಗಿದ್ದೆ. ಈಗ ಗೂಡ್ಸೂ ಇಲ್ಲ, ಶೆಡ್ಡಿಗೆ ಬೀಗ ಬಿದ್ದಿದೆ. ನಾನು ಟಿಕೆಟ್ ಕಿಟಕಿಯಲ್ಲಿ ಕೂತಿದ್ದೇನೆ. ನಗು ಬರುವಂಥದ್ದು ಬೇರೆಯವರಿಗೆ ಮದುವೆಮನೆಯಲ್ಲಿ, ಪ್ರವಾಸದಲ್ಲಿ ಸಿಗುತ್ತದೆ. ನಮ್ಮ ಶೆಡ್ಡಿನಲ್ಲಿ ಮಾತ್ರ ಅದು ಏನಾದರೂ ಹಾಳಾದ ದಿನವೇ ಬರುತ್ತಿತ್ತು.

೧. ಬಾವಿ

ಹಳಿ ಹಾಕುವಾಗ ಒಬ್ಬ ಅಜ್ಜಿಯ ಹಿತ್ತಲು ಎರಡು ತುಂಡಾಯಿತು. ಮನೆ ಈಚೆ, ಬಾವಿ ಆಚೆ. ಅಜ್ಜಿ ಅಳುತ್ತಾ ಕೂತಾಗ ಅಳತೆಗೆ ಬಂದಿದ್ದ ಅಧಿಕಾರಿ ಸಮಾಧಾನ ಹೇಳಿದನಂತೆ: "ಅಳಬೇಡಿ ಅಮ್ಮಾ, ಇನ್ನು ನೀವು ಮನೆ ಬಾಗಿಲಲ್ಲೇ ರೈಲು ಹತ್ತಬಹುದು."

ನಾನು ಕೆಲಸಕ್ಕೆ ಸೇರಿದ ವರ್ಷ ಆಕೆ ಸ್ಟೇಷನ್ನಿಗೆ ಬಂದರು. ಸೊಂಟದಲ್ಲಿ ಖಾಲಿ ಕೊಡಪಾನ.

"ನನ್ನ ಬಾಗಿಲಲ್ಲಿ ನಿಲ್ಲುವ ರೈಲು ಯಾವುದು ಮಗಾ?"

"ಅಲ್ಲಿ ಯಾವುದೂ ನಿಲ್ಲುವುದಿಲ್ಲ ಅಜ್ಜಿ."

"ಗೊತ್ತುಂಟು. ಇಷ್ಟು ವರ್ಷದಿಂದ ನೋಡ್ತಾ ಇದ್ದೇನೆ. ನಿಲ್ಲುವುದು ಬೇಡ, ನೀರು ತರುವ ಹೊತ್ತಿಗೆ ಒಂದು ಹಾರ್ನ್ ಹಾಕಲಿಕ್ಕೆ ಹೇಳು."

ಹಳಿ ದಾಟುವುದು ಅಪರಾಧ ಎಂಬ ನಿಯಮವನ್ನು ನಾನು ಹೇಳಿದೆ. ಅಜ್ಜಿ ಕೊಡಪಾನ ನನ್ನ ಮೇಜಿನ ಮೇಲಿಟ್ಟರು.

"ಆಗಲಿ, ನಾನು ದಾಟುವುದಿಲ್ಲ. ದಿನಕ್ಕೆ ಆರು ಕೊಡ ಸಾಕು. ಕುಡಿಯುವ ನೀರು ಮಾತ್ರ ಸ್ವಲ್ಪ ಬೇಗ ತಂದುಕೊಡು."

೨. ಸರಕಿನ ಹೆಸರು

ಕಾರ್ಕಳಕ್ಕೆ ರೈಲಿಲ್ಲ. ಹಾಗಾಗಿ ಅಲ್ಲಿಯ ಒಬ್ಬ ಶಿಲ್ಪಿ ಮುಂಬಯಿಯ ದೇವಸ್ಥಾನಕ್ಕೆಂದು ಕೆತ್ತಿದ ಗಣಪತಿಯನ್ನು ಲಾರಿಯಲ್ಲಿ ನಮ್ಮಲ್ಲಿಗೆ ತಂದಿಳಿಸಿದರು. ಫಾರ್ಮಿನಲ್ಲಿ ಸರಕಿನ ಹೆಸರು ಬರೆಯಬೇಕಿತ್ತು.

"ಕಲ್ಲು ಎಂದು ಬರೆಯಲಾ, ದೇವರು ಎಂದು ಬರೆಯಲಾ?" ಎಂದು ಕೇಳಿದೆ.

"ಪ್ರತಿಷ್ಠೆ ಆಗುವವರೆಗೆ ಕಲ್ಲು. ಕಲ್ಲೆಂದೇ ಬರೆಯಿರಿ" ಎಂದು ಹೇಳಿ ಅವರು ಬಸ್ಸು ಹತ್ತಿದರು.

ವ್ಯಾಗನ್ ಒಂದು ವಾರ ಬರಲಿಲ್ಲ. ಎರಡನೇ ದಿನ ನಮ್ಮ ಹಮಾಲಿಯೊಬ್ಬ ಕಲ್ಲಿನ ತಲೆಯ ಮೇಲೆ ದಾಸವಾಳ ಇಟ್ಟ. ಮೂರನೇ ದಿನ ದೀಪ ಬಂತು. ಐದನೇ ದಿನ ಅಕ್ಕಪಕ್ಕದ ಹೆಂಗಸರು ತೆಂಗಿನಕಾಯಿ ಹಿಡಿದು ಶೆಡ್ಡಿನೆದುರು ಸಾಲು ನಿಂತರು. ಕೊನೆಗೆ ವ್ಯಾಗನ್ ಬಂದಾಗ ಹಮಾಲಿಗಳ ಮೇಸ್ತ್ರಿ ಕೈಕಟ್ಟಿ ನಿಂತುಬಿಟ್ಟ. "ಕುತ್ತಿಗೆಗೆ ಹಗ್ಗ ಹಾಕಿ ಎಳೆಯಲಿಕ್ಕೆ ನಮ್ಮಿಂದ ಆಗುವುದಿಲ್ಲ."

ಸುದ್ದಿ ಕೇಳಿ ಶಿಲ್ಪಿ ಓಡಿ ಬಂದರು. "ನನ್ನ ಕಲ್ಲನ್ನು ಎಂತ ಮಾಡಿದಿರಿ?"

"ನೀವು ಕಲ್ಲು ಕೊಟ್ಟದ್ದು ಹೌದು" ಎಂದ ಮೇಸ್ತ್ರಿ. "ಈಗ ಅದು ದೇವರು. ನೀವೇ ಒಮ್ಮೆ ಕ್ಷಮೆ ಕೇಳಿ."

ತಾವೇ ಉಳಿಯಲ್ಲಿ ಹೊಡೆದ ಹೊಟ್ಟೆಗೆ ಶಿಲ್ಪಿ ಅಡ್ಡಬಿದ್ದರು. ಆಮೇಲೆಯೇ ಗಣಪತಿ ಮೇಲೆದ್ದದ್ದು. ಎಂತ ಬರೆದೆ ಎಂದು ಸ್ಟೇಷನ್ ಮಾಸ್ಟರ್ ವಿಚಾರಿಸಿದರು. 'ಕಲ್ಲು' ಹೊಡೆದುಹಾಕಿ 'ದೇವರು, ಒಂದು. ಒಡೆಯುವ ವಸ್ತು' ಎಂದು ತಿದ್ದಿದ್ದೆ.

೩. ಮೊದಲ ಮಳೆ

ಕಾಪುವಿನ ಒಬ್ಬ ಬ್ಯಾರಿ ವ್ಯಾಪಾರಿ ಗಲ್ಫಿನ ಕೆಲಸ ಬಿಟ್ಟು ಬಂದು ಸಿಮೆಂಟಿನ ಅಂಗಡಿ ಇಟ್ಟಿದ್ದರು. ಅವರ ಮೊದಲ ದೊಡ್ಡ ಲೋಡು ನಮ್ಮ ಶೆಡ್ಡಿಗೆ ಇಳಿದದ್ದೂ, ಆ ವರ್ಷದ ಮೊದಲ ಮಳೆ ಇಳಿದದ್ದೂ ಒಂದೇ ಮಧ್ಯಾಹ್ನ. ಶೆಡ್ಡಿನ ಮಾಡು ಸೋರಿತು. ಮೂರು ದಿನದಲ್ಲಿ ಮೂಟೆಗಳೆಲ್ಲ ಬಂಡೆ.

ಬಯ್ಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಒಂದೊಂದು ಮೂಟೆಯನ್ನೂ ಬೆರಳಲ್ಲಿ ತಟ್ಟುತ್ತಾ ಕೊನೆಯವರೆಗೆ ನಡೆದು ವಾಪಸ್ ಬಂದರು.

"ಹದಿನೆಂಟು ವರ್ಷ ಆ ಮರಳಲ್ಲಿ ನಿಂತು ಮಳೆಗಾಗಿ ದುವಾ ಮಾಡಿದ್ದೇನೆ ಸಾರ್. ಅದು ಈಗ ತಲುಪಿದ ಹಾಗೆ ಕಾಣ್ತದೆ."

"ಇಷ್ಟು ತಡವಾಗಿಯಾ?" ನನ್ನ ಬಾಯಿಯಿಂದ ಜಾರಿತು.

"ಎಂತ ಮಾಡುವುದು? ಅದನ್ನೂ ಗೂಡ್ಸಿನಲ್ಲೇ ಕಳುಹಿಸಿರಬೇಕು!"

೪. ತೂಕದ ಯಂತ್ರ

ಆ ವ್ಯಾಪಾರಿ ಸರಕಿಗೆ ರೈಲು ಬಿಟ್ಟು ಲಾರಿಗೆ ಹೋದರು. ಅವರ ಹಿಂದೆ ಉಳಿದವರೂ ಹೋದರು. ಶೆಡ್ಡಿನ ಹಳಿಯ ಮೇಲೆ ಹುಲ್ಲು ಬೆಳೆಯಿತು. ಆದರೂ ತೂಕದ ಯಂತ್ರವನ್ನು ಪ್ರತಿ ಸೋಮವಾರ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕೆಂದು ನಿಯಮ. ತೂಗಲಿಕ್ಕೆ ಸರಕಿಲ್ಲ, ಮೇಸ್ತ್ರಿಯನ್ನೇ ಹತ್ತಿಸಿದೆವು.

ಮೊದಲ ವಾರ ಎಪ್ಪತ್ತೆಂಟು ಕಿಲೋ. ಮುಂದಿನ ತಿಂಗಳು ಎಪ್ಪತ್ತೆರಡು. ಆಮೇಲೆ ಅರವತ್ತೈದು.

"ಯಂತ್ರ ಕೆಟ್ಟಿದೆ" ಎಂದ ಮೇಸ್ತ್ರಿ. ನನಗೂ ಹಾಗೇ ಅನಿಸಿತು. ರಿಪೇರಿಗೆ ಕಾಗದ ಬರೆದೆ. ಶೆಡ್ಡು ಶುರುವಾದಂದಿನಿಂದ ನಮ್ಮ ಒಂದೇ ಒಂದು ಕಾಗದಕ್ಕೂ ಉತ್ತರ ಬಂದಿರಲಿಲ್ಲ. ಇದಕ್ಕೆ ಮಾತ್ರ ನಾಲ್ಕೇ ದಿನದಲ್ಲಿ ಮೆಕ್ಯಾನಿಕ್ ಬಂದ. ತೂಕದ ಕಬ್ಬಿಣದ ಬಟ್ಟುಗಳನ್ನಿಟ್ಟು ನೋಡಿದ, ತೆಗೆದ, ಇನ್ನೊಮ್ಮೆ ಇಟ್ಟ. ಆಮೇಲೆ ಮೇಸ್ತ್ರಿಯನ್ನು ಮೇಲಿಂದ ಕೆಳಗೆ ನೋಡಿ ನನ್ನನ್ನು ಪಕ್ಕಕ್ಕೆ ಕರೆದ.

"ಯಂತ್ರಕ್ಕೆ ಎಂತದೂ ಆಗಲಿಲ್ಲ ಸಾರ್. ಇವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ."

ಆಸ್ಪತ್ರೆಯಲ್ಲಿ ಡಾಕ್ಟರು ತುಂಬ ತಡವಾಯಿತು ಎಂದರು. ಹೊರಗಿನ ಬೆಂಚಿನಲ್ಲಿ ಕೂತ ಮೇಸ್ತ್ರಿ ನನ್ನ ಕಡೆ ತಿರುಗಿದ. "ನಮ್ಮ ಶೆಡ್ಡಿನಲ್ಲಿ ಸರಿಯಾಗಿ ಕೆಲಸ ಮಾಡುವ ವಸ್ತು ಒಂದಾದರೂ ಉಂಟಲ್ಲ ಮಾರಾಯ್ರೆ!"

೫. ಗೇಟು

ಶೆಡ್ಡಿಗೆ ಬೀಗ ಬಿದ್ದ ತಿಂಗಳಲ್ಲೇ ಮೇಸ್ತ್ರಿಯೂ ಹೋದ. ಮನೆ ರೈಲ್ವೆ ಗೇಟಿನ ಪಕ್ಕ, ಸ್ಮಶಾನ ಹಳಿಯ ಆಚೆ. ಕೆಲಸ ಕಳೆದುಕೊಂಡ ನಾಲ್ವರು ಹಮಾಲಿಗಳೇ ಹೆಗಲು ಕೊಟ್ಟರು. ಹೆಂಗಸರು ಗೇಟಿನವರೆಗೆ ಅಳುತ್ತಾ ಬಂದಿದ್ದರು.

ಅಷ್ಟರಲ್ಲಿ ಗೇಟು ಬಿತ್ತು. ಗೂಡ್ಸ್ ರೈಲು. ನಮ್ಮಲ್ಲಿ ನಿಲ್ಲದೆ ಸಾಗುವ ಅದರ ವ್ಯಾಗನ್‌ಗಳು ಮುಗಿಯುವಂತೆಯೇ ಇರಲಿಲ್ಲ. ಅದು ಹೋದರೂ ಗೇಟು ಏಳಲಿಲ್ಲ.

"ಹಿಂದೆ ಇನ್ನೊಂದು ಉಂಟು" ಎಂದ ಗೇಟಿನವನು.

ನಡು ಮಧ್ಯಾಹ್ನದ ಬಿಸಿಲು. ನಾಲ್ವರಿಗೂ ಅರವತ್ತು ದಾಟಿದೆ. ಅರ್ಧ ದಾರಿಯಲ್ಲಿ ಚಟ್ಟ ಕೆಳಗಿಡಬಾರದೆಂದು ಒಬ್ಬರು, ಸ್ವಲ್ಪ ಹೊತ್ತು ಇಡಬಹುದೆಂದು ಇನ್ನೊಬ್ಬರು. ನೆಂಟರಲ್ಲಿ ವಾದ ಶುರುವಾಯಿತು.

ಶೆಡ್ಡಿನಲ್ಲಿ ಇಂಥದ್ದನ್ನೆಲ್ಲ ತೀರ್ಮಾನಿಸುತ್ತಿದ್ದವನು ಮೇಸ್ತ್ರಿ ಒಬ್ಬನೇ. ಅವನು ಹೇಳದೆ ಒಂದು ಮೂಟೆಯೂ ಅಲುಗುವಂತಿರಲಿಲ್ಲ. ಇಳಿಸಿ ಮುಗಿಯದೆ ಯಾರಿಗೂ ಊಟವಿಲ್ಲ, ಅವನಿಗೂ ಇಲ್ಲ. ಚಟ್ಟದ ಹಿಂದಿನ ಎಡಮೂಲೆಗೆ ಹೆಗಲು ಕೊಟ್ಟಿದ್ದವನಿಗೆ ಬೆವರಿನಲ್ಲಿ ಕಣ್ಣು ಕಾಣದಾಯಿತೋ ಏನೋ, ಮೂವತ್ತು ವರ್ಷದ ಅಭ್ಯಾಸದಲ್ಲಿ ಮೇಲೆ ನೋಡಿ ಕೂಗಿಬಿಟ್ಟ: "ಮೇಸ್ತ್ರೀ, ಎಂತ ಮಾಡುವುದು? ಇಳಿಸುವುದಾ?"

ವಾದ ನಿಂತಿತು. ಅಳುವೂ ನಿಂತಿತು. ಉತ್ತರ ಹೇಳಬೇಕಾದವನು ಅವರ ಹೆಗಲ ಮೇಲೆ ಸುಮ್ಮನೆ ಮಲಗಿದ್ದ. ಆಗ ಹಿಂದಿನಿಂದ ಅವನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಹೇಳಿದಳು:

"ಬೇಡ ಮಾರಾಯ್ರೆ, ಹಾಗೇ ಹಿಡಿದುಕೊಳ್ಳಿ! ಇಳಿಸಿದರೆ ಊಟದ ಹೊತ್ತಾಯಿತು ಅಂತ ಇವರು ಎದ್ದು ಮನೆಗೆ ಬರ್ತಾರೆ. ನಾನು ಇವತ್ತು ಅಡುಗೆ ಮಾಡಲಿಲ್ಲ!"