ಮೂರನೆಯ ಮೆಟ್ಟಿಲಿನ ವಾರಂಟಿ

ಹೊಸ ಯಂತ್ರವೊಂದು ಮನೆಗೆ ಬರುವಾಗ, ಡಬ್ಬದೊಳಗೆ ಅದರ ತಂತಿ ಮತ್ತು ಪುಸ್ತಕಗಳ ಜೊತೆಗೆ ನಗು ಬರಿಸುವ ಒಂದೆರಡು ಸಂಗತಿಗಳನ್ನೂ ಕಂಪನಿಯವರೇ ತುಂಬಿ ಕಳುಹಿಸುತ್ತಾರೇನೋ ಎಂದು ನನಗೆ ಅನ್ನಿಸುತ್ತದೆ. ಬೇರೆಯವರ ಮನೆಯ ವಿಚಾರ ತಿಳಿಯದು. ನಮ್ಮ ಮನೆಯಲ್ಲಂತೂ ಇದು ಒಮ್ಮೆಯೂ ತಪ್ಪಿಲ್ಲ. ನಾಲ್ಕು ಜನ ಸೇರಿದ ಕಡೆ ಲೋಟ ಎತ್ತಿಡುವ ನೆಪದಲ್ಲಿ ಒಳಗೆ ಹೋಗಿಬಿಡುವವಳು ನಾನು. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆಯಬಹುದೆಂದು ಮಗಳು ಧೈರ್ಯ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಯಜಮಾನರಿಗೆ ಬ್ಯಾಂಕಿನ ಕೆಲಸದ ಮೇಲೆ ಮೈಸೂರಿನಿಂದ ಗುಜರಾತಿನ ವಡೋದರಾಕ್ಕೆ ವರ್ಗವಾಗಿತ್ತು. ಮಗಳು ಅಲ್ಲಿಯೇ ಇಂಜಿನಿಯರಿಂಗ್ ಓದುತ್ತಿದ್ದಳು. ಕಂಪ್ಯೂಟರಿನಲ್ಲಿ ಕಾರು ಓಡಿಸುವುದು, ಯುದ್ಧ ಮಾಡುವುದು ಅವಳಿಗೆ ಪ್ರಾಣ. ಕಾಲೇಜಿನಲ್ಲಿ ಈ ಆಟಗಳಿಗೆಂದೇ ಒಂದು ತಂಡವಿತ್ತು. ಅದರಲ್ಲಿ ಅವಳೊಬ್ಬಳೇ ಹುಡುಗಿ. ಸ್ವಂತ ಯಂತ್ರವಿಲ್ಲದವರಿಗೆ ತಂಡದಲ್ಲಿ ಜಾಗವಿಲ್ಲ ಎಂದು ಅವರು ಹೇಳಿದಾಗ, ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಯಜಮಾನರು ಕೊನೆಗೆ ಒಪ್ಪಿದರು. "ಇದೇ ಮೊದಲು, ಇದೇ ಕೊನೆ. ಕೆಟ್ಟರೆ ಇನ್ನೊಂದು ಬರಲ್ಲ, ತಿಳ್ಕೊ" ಎಂದರು.

ಕೊನೆಯದು

ದೀಪಾವಳಿಯ ರಿಯಾಯಿತಿ ಇದೆಯೆಂದು ನಾವು ಮೂವರೂ ಅಹಮದಾಬಾದಿಗೆ ಹೋಗಿ, ಬೋಡಕ್‌ದೇವ್ ಬಡಾವಣೆಯ ಒಂದು ದೊಡ್ಡ ಅಂಗಡಿಯನ್ನು ಹೊಕ್ಕೆವು. ಅಂಗಡಿಯ ಮಾಲೀಕರು ಯಜಮಾನರನ್ನು, "ಮಗ ಏನು ಓದುತ್ತಿದ್ದಾನೆ, ಸಾಹೇಬ್?" ಎಂದು ಹಿಂದಿಯಲ್ಲಿ ಕೇಳಿದರು. ಆಡುವವಳು ಪಕ್ಕದಲ್ಲಿ ನಿಂತಿರುವ ಮಗಳೆಂದು ತಿಳಿದ ಕೂಡಲೇ ಗುಲಾಬಿ ಬಣ್ಣದ ಒಂದು ಪುಟ್ಟ ಲ್ಯಾಪ್‌ಟಾಪನ್ನು ತಂದಿಟ್ಟರು. ಮಗಳು ಅದನ್ನು ಮುಟ್ಟಲೂ ಇಲ್ಲ. ಮೂಲೆಯಲ್ಲಿ ಕಪ್ಪಗೆ, ದಪ್ಪಗೆ, ರುಬ್ಬುವ ಕಲ್ಲಿನಂತೆ ಕುಳಿತಿದ್ದ ಒಂದನ್ನು ತೋರಿಸಿ, "ಅದು" ಎಂದಳು.

ಯಜಮಾನರು ಅದನ್ನು ಎರಡು ಕೈಯಲ್ಲಿ ಎತ್ತಿ ನೋಡಿ, ನನ್ನ ಕಡೆ ತಿರುಗಿ, "ಎಲ್ಲಿಗೆ ಬೇಕಾದ್ರೂ ತಗೊಂಡು ಹೋಗಬಹುದು ಅಂತಾರಲ್ಲ, ಯಾರು ತಗೊಂಡು ಹೋಗೋದು?" ಎಂದರು. ಅನಂತರ ಮಾಲೀಕರನ್ನು ಕೇಳಿದರು: "ಕರೆಂಟ್ ಹೋದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?"

"ಬಂದ್ ಮಾಡುವಷ್ಟು ಹೊತ್ತು, ಸಾಹೇಬ್."

ಹಣ ಕೊಟ್ಟಾಯಿತು. ಮಾಲೀಕರು ಚಹಾ ತರಿಸಿದರು. ನಾವು ಚಹಾ ಕುಡಿಯುತ್ತಿರುವಾಗಲೇ ಅವರು ಎದ್ದು ಹೋಗಿ, ಗಾಜಿನ ಮೇಲಿದ್ದ ನಮ್ಮ ಲ್ಯಾಪ್‌ಟಾಪಿನ ಚಿತ್ರವನ್ನು ಕಿತ್ತು, ಅದೇ ಜಾಗಕ್ಕೆ ಬೇರೊಂದನ್ನು ಅಂಟಿಸಿದರು. ಮಗಳ ಮುಖ ಬಾಡಿತು.

ಯಜಮಾನರು ಕೇಳಿದರು: "ಅದು ಯಾವುದು?"

"ಹೊಸ ಮಾಡೆಲ್, ಸಾಹೇಬ್. ನಿಮ್ಮದಕ್ಕಿಂತ ಎರಡು ಪಟ್ಟು ವೇಗ."

"ಯಾವಾಗ ಬಂತು?"

"ಈಗ ತಾನೆ."

"ಹಾಗಾದರೆ ನಮ್ಮದು?"

"ನಿಮ್ಮದು ಹಳೆಯ ಸ್ಟಾಕಿನಲ್ಲಿ ಕೊನೆಯದು. ನಿಮ್ಮ ಅದೃಷ್ಟ, ಇನ್ನು ಯಾರಿಗೂ ಸಿಗುವುದಿಲ್ಲ."

ರೈಲಿನ ಸಂತಾಪ

ವಡೋದರಾಕ್ಕೆ ಮರಳುವಾಗ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಜಮಾನರು ಲ್ಯಾಪ್‌ಟಾಪಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಮದುಮಗಳ ತಂದೆಯಂತೆ ಗಂಭೀರವಾಗಿ ಕುಳಿತರು. ಎದುರಿಗಿದ್ದ ಗುಜರಾತಿ ಕುಟುಂಬದವರು ಬುತ್ತಿ ಬಿಚ್ಚುವ ಮೊದಲು ಅತ್ತಿತ್ತ ನೋಡಿದರು. ಆ ಡಬ್ಬದಷ್ಟು ಸಮತಟ್ಟಾದ ಜಾಗ ಇನ್ನೆಲ್ಲಿಯೂ ಕಾಣದ್ದರಿಂದ ಅದರ ಮೇಲೆ ಪೇಪರು ಹಾಸಿ, ಥೇಪ್ಲಾ ಎನ್ನುವ ಮೆಂತ್ಯದ ರೊಟ್ಟಿಗಳನ್ನೂ ಉಪ್ಪಿನಕಾಯಿಯನ್ನೂ ಬಡಿಸಿದರು. ಮೊದಲನೆಯ ರೊಟ್ಟಿಯನ್ನು ಯಜಮಾನರಿಗೇ ಕೊಟ್ಟಿದ್ದರಿಂದ ಅವರು ಏನೂ ಹೇಳುವಂತಿರಲಿಲ್ಲ.

ಆ ಮನೆಯ ಹಿರಿಯರು ಕೇಳಿದರು: "ಡಬ್ಬದಲ್ಲಿ ಏನು, ಭಾಯಿ?"

"ಲ್ಯಾಪ್‌ಟಾಪ್."

"ಜೊತೆಗೆ ಏನು ಕೊಟ್ಟರು?"

"ಬ್ಯಾಗ್ ಕೊಟ್ಟರು."

"ಮತ್ತೆ?"

"ಅಷ್ಟೇ."

ಹಿರಿಯರು ಅಗಿಯುವುದನ್ನು ನಿಲ್ಲಿಸಿದರು. ಅಕ್ಕಪಕ್ಕದವರೂ ಮಾತು ನಿಲ್ಲಿಸಿ ನಮ್ಮ ಕಡೆ ನೋಡಿದರು. "ಪ್ರಿಂಟರ್ ಕೇಳಲಿಲ್ಲವೇ?" ಎಂದರು ಒಬ್ಬರು. "ಸೂರತ್ತಿನಲ್ಲಿ ತೆಗೆದುಕೊಂಡಿದ್ದರೆ ಮೊಬೈಲ್ ಕೊಡುತ್ತಿದ್ದರು" ಎಂದರು ಇನ್ನೊಬ್ಬರು. ಯಜಮಾನರು ಕಿಟಕಿಯ ಆಚೆ ನೋಡತೊಡಗಿದರು. ಆನಂದ್ ನಿಲ್ದಾಣ ಬಂದು ಹೋಯಿತು. ಆಮೇಲೆ ಆ ಹಿರಿಯರು ಮೆಲ್ಲನೆ ಮುಂದೆ ಬಾಗಿ, ಸಾವಿನ ಮನೆಯಲ್ಲಿ ಸಮಾಧಾನ ಹೇಳುವವರಂತೆ, ಯಜಮಾನರ ಕೈಯಲ್ಲಿ ಇನ್ನೊಂದು ಥೇಪ್ಲಾ ಇಟ್ಟರು.

ಮನೆಗೆ ಬಂದ ಮೇಲೆ ಮಗಳು ಲ್ಯಾಪ್‌ಟಾಪನ್ನು ಹಿಡಿದುಕೊಂಡಳು, ಯಜಮಾನರು ಡಬ್ಬವನ್ನು ಹಿಡಿದುಕೊಂಡರು. ಡಬ್ಬವಿಲ್ಲದಿದ್ದರೆ ವಾರಂಟಿ ಇಲ್ಲ ಎಂಬುದು ಅವರ ದೃಢವಾದ ನಂಬಿಕೆ. ಟಿವಿ, ಮಿಕ್ಸರ್, ಫ್ಯಾನ್ ಹೀಗೆ ನಮ್ಮ ಮನೆಗೆ ಬಂದ ಎಲ್ಲ ವಸ್ತುಗಳ ಡಬ್ಬಗಳೂ ಅಟ್ಟದ ಮೇಲಿದ್ದವು. ಎಣ್ಣೆಯ ಕಲೆಗಳಿಗೆ ಮುಖದ ಪೌಡರ್ ಸವರಿ, ಇದನ್ನೂ ಅವುಗಳ ಸಾಲಿಗೆ ಸೇರಿಸಿದರು. ಆ ದಿನ ಲ್ಯಾಪ್‌ಟಾಪಿಗಿಂತ ಡಬ್ಬವೇ ಹೆಚ್ಚು ಘಮಘಮಿಸುತ್ತಿತ್ತು.

ಯುದ್ಧವೂ ಇಡ್ಲಿಯೂ

ವಡೋದರಾದ ಚಳಿಗಾಲದಲ್ಲಿ ಇಡ್ಲಿಯ ಹಿಟ್ಟು ಹುದುಗುವುದಿಲ್ಲ. ಕಂಬಳಿ ಹೊದಿಸಿದರೂ ಅಷ್ಟೇ, ಅಕ್ಕಿಯ ಡಬ್ಬದೊಳಗೆ ಹೂತಿಟ್ಟರೂ ಅಷ್ಟೇ. ಹೀಗಿರುವಾಗ, ಮಗಳು ಆಡುತ್ತಿದ್ದ ಒಂದು ಸಂಜೆ ಪಕ್ಕದಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದ ನನ್ನ ಮೊಣಕೈಗೆ ಬಿಸಿಗಾಳಿ ತಾಕಿತು. ಲ್ಯಾಪ್‌ಟಾಪಿನ ಪಕ್ಕದ ಜಾಲರಿಯಿಂದ ಬೇಕರಿಯ ಒಲೆಯಿಂದ ಬರುವಂತೆ ಗಾಳಿ ಬರುತ್ತಿತ್ತು. ನಾನು ಹಿಟ್ಟಿನ ಪಾತ್ರೆಯನ್ನು ತಂದು ಅಲ್ಲಿಟ್ಟೆ.

ಬೆಳಿಗ್ಗೆ ಹಿಟ್ಟು ಮುಚ್ಚಳವನ್ನು ಎತ್ತಿಕೊಂಡು ನಿಂತಿತ್ತು. ಯಜಮಾನರು ಮೊದಲ ಇಡ್ಲಿಯನ್ನು ಬಾಯಿಗಿಟ್ಟು ನನ್ನನ್ನು ನೋಡಿದರು. "ಊರಿಂದ ಅಮ್ಮ ಬಂದಿದಾರಾ?" ಎಂದು ಕೇಳಿದರು.

ಕೆಲವು ವಾರಗಳಲ್ಲಿ ನನಗೆ ಇದರ ಮರ್ಮ ತಿಳಿಯಿತು. ಕಾರು ಓಡಿಸಿದ ದಿನ ಹಿಟ್ಟು ಸಾಧಾರಣ. ಯುದ್ಧ ಮಾಡಿದ ದಿನ ಉತ್ತಮ. ಶತ್ರುಗಳ ಸಂಖ್ಯೆ ಹೆಚ್ಚಾದಷ್ಟೂ ಇಡ್ಲಿ ಮೃದುವಾಗುತ್ತಿತ್ತು. ಅದುವರೆಗೆ, "ಸಾಕು ಮುಚ್ಚಿಡು, ಕಣ್ಣು ಹಾಳಾಗತ್ತೆ" ಎಂದು ಗದರುತ್ತಿದ್ದ ಯಜಮಾನರು ಒಂದು ಶನಿವಾರ ಮಗಳ ಹಿಂದೆ ಬಂದು ನಿಂತರು.

"ನಾಳೆ ಬೆಳಿಗ್ಗೆ ಮ್ಯಾನೇಜರ್ ತಿಂಡಿಗೆ ಬರ್ತಿದಾರೆ. ಇವತ್ತು ಯುದ್ಧ ಇದೆಯೇನಮ್ಮ?"

"ಇದೆ ಅಪ್ಪ. ಯಾಕೆ?"

"ಇದ್ರೆ ಸ್ವಲ್ಪ ದೊಡ್ಡದೇ ಮಾಡು."

ಸೂರತ್ತಿನ ಹವೆ

ಮಳೆಗಾಲ ಮುಗಿಯುವ ಹೊತ್ತಿಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಾಂಧಣಿ ಸೀರೆಯಂತೆ ಬಣ್ಣದ ಚುಕ್ಕೆಗಳು ಮೂಡಿದವು. ಮರುದಿನ ಅದೂ ಇಲ್ಲ, ಬರೀ ಕಪ್ಪು. ದೀಪಾವಳಿ ಕಳೆದೊಡನೆ ಅಹಮದಾಬಾದಿನಲ್ಲಿ ಕಾಲೇಜುಗಳ ನಡುವಿನ ದೊಡ್ಡ ಸ್ಪರ್ಧೆಯಿತ್ತು. ಮಗಳು ತಂದೆಯ ಮುಖವನ್ನೂ, ತಂದೆ ವಾರಂಟಿ ಕಾರ್ಡನ್ನೂ ನೋಡಿದರು. ವಾರಂಟಿ ಮಹಾನವಮಿಯ ದಿನಕ್ಕೆ ಮುಗಿಯುತ್ತಿತ್ತು.

ಅಹಮದಾಬಾದಿನ ಅಂಗಡಿಗೆ ಫೋನು ಮಾಡಿದರೆ, "ನಾವು ಮಾರುವವರು ಮಾತ್ರ, ರಿಪೇರಿ ಸೂರತ್ತಿನಲ್ಲಿ" ಎಂದರು. ಯಜಮಾನರು ರಜೆ ಹಾಕಿ ಸೂರತ್ತಿಗೆ ಹೊರಟರು. ನಾನೂ ಮಗಳೂ ಜೊತೆಗೆ ಹೋದೆವು. ಅಲ್ಲಿಯ ಇಂಜಿನಿಯರ್ ಗುಂಡಿ ಒತ್ತಿದ ಕೂಡಲೇ ಲ್ಯಾಪ್‌ಟಾಪ್ ಏನೂ ಆಗದಂತೆ ಬೆಳಗಿತು. ಮನೆಗೆ ತಂದರೆ ಮತ್ತೆ ಕಪ್ಪು. ಎರಡನೆಯ ಸಲವೂ ಹಾಗೆಯೇ ಆಯಿತು.

"ಸೂರತ್ತಿನಲ್ಲಿ ಸರಿಯಾಗಿದೆಯಲ್ಲ, ಸಾಹೇಬ್" ಎಂದ ಇಂಜಿನಿಯರ್.

"ನಾವಿರುವುದು ವಡೋದರಾದಲ್ಲಿ" ಎಂದರು ಯಜಮಾನರು.

"ಹಾಗಾದರೆ ಇಲ್ಲಿಗೇ ಬಂದುಬಿಡಿ."

ಹಿಂತಿರುಗುವಾಗ ಯಜಮಾನರು ಬಹಳ ಹೊತ್ತು ಯೋಚಿಸಿ, "ಸೂರತ್ ಬ್ರಾಂಚಿಗೆ ವರ್ಗ ಕೇಳಿದರೆ ಕೊಡಬಹುದು, ಅಲ್ವಾ?" ಎಂದು ನನ್ನನ್ನು ಕೇಳಿದರು.

ಮೂರನೆಯ ಸಲ, ನವರಾತ್ರಿ ಆರಂಭವಾದ ಮೇಲೆ ಹೋದಾಗ, ಅದು ಸೂರತ್ತಿನಲ್ಲಿಯೂ ಬೆಳಗಲಿಲ್ಲ. ಅಂದು ಯಜಮಾನರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಅವರಿಗೆ ಪ್ರಮೋಷನ್ ಬಂದ ದಿನವೂ ಕಂಡಿರಲಿಲ್ಲ. ಇಂಜಿನಿಯರ್ ಯಂತ್ರವನ್ನು ಮಗುಚಿ ನೋಡಿದ. ಅಡಿಯಲ್ಲಿದ್ದ ನಂಬರಿನ ಚೀಟಿ ಶಾಖಕ್ಕೆ ಅಳಿಸಿಹೋಗಿತ್ತು.

"ನಂಬರ್ ಇಲ್ಲದೆ ವಾರಂಟಿ ಇಲ್ಲ. ಡಬ್ಬದ ಮೇಲೂ ಅದೇ ನಂಬರ್ ಇರುತ್ತದೆ. ಆದರೆ ಡಬ್ಬವನ್ನು ಯಾರು ಇಟ್ಟುಕೊಂಡಿರುತ್ತಾರೆ?"

ಈ ಒಂದು ಪ್ರಶ್ನೆಗಾಗಿಯೇ ಜೀವಮಾನವಿಡೀ ಕಾದಿದ್ದವರಂತೆ ಯಜಮಾನರು ಎದ್ದು ನಿಂತು, "ನಾನು" ಎಂದರು. ಮಗಳೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಡಬ್ಬ ಈಗ ಎಲ್ಲಿದೆ ಎಂಬುದು ಅವರಿಗೆ ಇನ್ನೂ ನೆನಪಾಗಿರಲಿಲ್ಲ.

ಮೂರನೆಯ ಮೆಟ್ಟಿಲು

ಡಬ್ಬ ಗೊಂಬೆಗಳ ಕೆಳಗಿತ್ತು. ಪ್ರತಿ ನವರಾತ್ರಿಗೂ ನಾವು ಹಾಲಿನಲ್ಲಿ ಗೊಂಬೆ ಕೂರಿಸುತ್ತೇವೆ. ಆ ವರ್ಷ ಯಜಮಾನರು ತಾವೇ ಅಟ್ಟದಿಂದ ಡಬ್ಬಗಳನ್ನು ಇಳಿಸಿ, ಎಡಕ್ಕೂ ಬಲಕ್ಕೂ ನಿಲ್ಲಿಸಿ, ನಡುವೆ ಹಲಗೆ ಹಾಸಿ, ಮೇಲೆ ಬಿಳಿ ಪಂಚೆ ಹೊದಿಸಿ ಮೆಟ್ಟಿಲು ಕಟ್ಟಿದ್ದರು. ಮೊದಲನೆಯ ಮೆಟ್ಟಿಲಿಗೆ ಮಿಕ್ಸರಿನ ಡಬ್ಬ, ಮೂರನೆಯದಕ್ಕೆ ಲ್ಯಾಪ್‌ಟಾಪಿನದು, ಎಲ್ಲಕ್ಕಿಂತ ಮೇಲಿನದಕ್ಕೆ ಟಿವಿಯದು. ಅದರ ಮೇಲೆ ರಾಜ ರಾಣಿಯರಾದ ಪಟ್ಟದ ಗೊಂಬೆಗಳು. ಒಮ್ಮೆ ಕೂರಿಸಿದ ಮೇಲೆ ವಿಜಯದಶಮಿ ಕಳೆಯುವವರೆಗೆ ಅವುಗಳನ್ನು ಕದಲಿಸುವಂತಿಲ್ಲ. ವಾರಂಟಿ ಮುಗಿಯುವುದು ಅದರ ಹಿಂದಿನ ದಿನ.

"ಅಪ್ಪ, ಒಂದೇ ಒಂದು ಸಲ ಎತ್ತಿ ಇಡೋಣ. ಯಾರಿಗೂ ಗೊತ್ತಾಗಲ್ಲ" ಎಂದಳು ಮಗಳು.

"ರಾಜ ರಾಣಿಗೆ ಗೊತ್ತಾಗತ್ತೆ" ಎಂದರು ಅವರು.

ಮೈಸೂರಿನಲ್ಲಿದ್ದ ನಮ್ಮ ಅತ್ತೆಯವರಿಗೆ ಫೋನು ಹೋಯಿತು. ದಶಮಿಗೆ ಮುಂಚೆ ಗೊಂಬೆಗಳನ್ನು ಮುಟ್ಟಕೂಡದು ಎಂದರು ಅವರು.

"ಅಜ್ಜಿ, ಅಷ್ಟರಲ್ಲಿ ವಾರಂಟಿ ಮುಗಿದುಹೋಗತ್ತೆ."

"ಅದಕ್ಕೇನಂತೆ, ದಶಮಿ ತನಕ ಕೂತಿರೋಕೆ ಹೇಳು" ಎಂದರು ಅತ್ತೆಯವರು. "ರಾಜ ರಾಣೀನೇ ಕೂತಿಲ್ವಾ?"

ಯಜಮಾನರು ಸೂರತ್ತಿಗೆ ಫೋನು ಮಾಡಿ ಬೇಡಿಕೊಂಡರು. ಇಂಜಿನಿಯರಿಗೆ ಅಷ್ಟಮಿಯ ದಿನ ವಡೋದರಾದಲ್ಲಿ ಬೇರೆ ಕೆಲಸವಿತ್ತು. ಡಬ್ಬವನ್ನು ಕಣ್ಣಾರೆ ನೋಡಿದರೆ ಸಾಕು ಎಂದು ಆತ ಒಪ್ಪಿದ. ಹೇಳಿದಂತೆಯೇ ಬಂದು, ಬೂಟು ಬಿಚ್ಚಿ, ಗೊಂಬೆಗಳ ಮುಂದೆ ನಿಂತು, "ಡಬ್ಬ ಎಲ್ಲಿ?" ಎಂದು ಕೇಳಿದ. ಯಜಮಾನರು ದಶಾವತಾರದ ಗೊಂಬೆಗಳ ಕೆಳಗೆ ಕೈ ತೋರಿಸಿದರು. ನಂಬರಿನ ಚೀಟಿ ಒಳಮುಖವಾಗಿತ್ತು. ಆತ ಸ್ವಲ್ಪ ಹೊತ್ತು ಯೋಚಿಸಿ, ಟಾರ್ಚು ಹಿಡಿದು, ನೆಲದ ಮೇಲೆ ಉದ್ದಕ್ಕೆ ಬೋರಲು ಮಲಗಿ, ಪಂಚೆಯನ್ನು ಸರಿಸಿ ಎರಡು ಡಬ್ಬಗಳ ನಡುವೆ ತಲೆಯನ್ನೂ ಭುಜವನ್ನೂ ತೂರಿಸಿದ.

ಸರಿಯಾಗಿ ಆಗಲೇ ಎದುರುಮನೆಯ ಬಾ ಬಂದರು. ಅಲ್ಲಿ ಹಿರಿಯ ಹೆಂಗಸರನ್ನು ಎಲ್ಲರೂ ಬಾ ಎಂದೇ ಕರೆಯುತ್ತಾರೆ. ಅವರ ಹಿಂದೆ ಗರ್ಬಾ ನೃತ್ಯಕ್ಕೆ ಸಿಂಗರಿಸಿಕೊಂಡ ನಮ್ಮ ಕಟ್ಟಡದ ಹೆಂಗಸರು. ಗೊಂಬೆ ನೋಡಲು ನಾನೇ ಅವರನ್ನು ಕರೆದಿದ್ದೆ. ಅವರಿಗೆ ಕಂಡದ್ದು ಇಷ್ಟು: ದೇವರ ಮುಂದೆ ಉದ್ದಂಡ ಬಿದ್ದಿರುವ ಒಬ್ಬ ಗಂಡಸಿನ ಕಾಲುಗಳು, ಅವನ ಪಕ್ಕದಲ್ಲಿ, ರಾಜ ರಾಣಿ ಎಲ್ಲಿ ಉರುಳುತ್ತಾರೋ ಎಂಬ ಭಯಕ್ಕೆ ಹಲಗೆಯನ್ನು ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ನಿಂತಿರುವ ನಮ್ಮ ಯಜಮಾನರು.

ಒಳಗಿನಿಂದ ಧ್ವನಿ ಬಂತು: "ಎಸ್... ಝಡ್... ನಾಲ್ಕು..."

ಬರೆದುಕೊಳ್ಳುತ್ತಿದ್ದ ಮಗಳು ಪ್ರತಿಯೊಂದನ್ನೂ ತಿರುಗಿ ಹೇಳಿದಳು: "ಎಸ್... ಝಡ್... ನಾಲ್ಕು..."

ಬಾ ಮೆಲ್ಲನೆ ಕೈ ಜೋಡಿಸಿದರು. ಉಳಿದವರೂ ಜೋಡಿಸಿದರು. ಎಲ್ಲರೂ ಸದ್ದಿಲ್ಲದೆ ನೆಲದ ಮೇಲೆ ಕುಳಿತರು. ನಾನು ಹೇಳಬೇಕಾಗಿತ್ತು, ಆದರೆ ನನ್ನ ಸಂಕೋಚವೂ ನನಗೆ ಬರುತ್ತಿದ್ದ ಅಲ್ಪಸ್ವಲ್ಪ ಗುಜರಾತಿಯೂ ಒಟ್ಟಿಗೆ ಗಂಟಲಿನಲ್ಲಿ ಸಿಕ್ಕಿಕೊಂಡವು. ನಂಬರು ಮುಗಿಯಿತು. ಇಂಜಿನಿಯರ್ ಹೊರಗೆ ಬಂದ. ಗೊಂಬೆಗಳ ಮುಂದೆ ಹಾಕಿದ್ದ ರಂಗೋಲಿಯ ಕುಂಕುಮವೆಲ್ಲ ಅವನ ಹಣೆಯ ಮೇಲಿತ್ತು. "ಸಿಕ್ಕಿತು" ಎಂದು ನಕ್ಕ.

"ಸಿಗದೆ ಇರುತ್ತದೆಯೇ, ಬೇಟಾ" ಎಂದರು ಬಾ.

ನಾನು ಎಲ್ಲರಿಗೂ ಕಡಲೆಕಾಳಿನ ಉಸಲಿ ಕೊಟ್ಟೆ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಇಂಜಿನಿಯರ್ ಅದನ್ನು ಮೂಸಿ, "ಏನೋ ಹುಳಿ ವಾಸನೆ" ಎಂದ. ಮಗಳು ನನ್ನನ್ನು ನೋಡಿದಳು. ನಾನು ಅವನಿಗೆ ಇನ್ನೊಂದು ಸೌಟು ಉಸಲಿ ಬಡಿಸಿದೆ.

ದಶಮಿ ಕಳೆದ ಮೇಲೆ ಕಂಪನಿಯಿಂದ ಫೋನು ಬಂತು. ಆ ಮಾಡೆಲನ್ನು ಅವರು ನಿಲ್ಲಿಸಿಬಿಟ್ಟಿದ್ದರಂತೆ. ಒಳಗಿನ ಭಾಗಗಳು ಎಲ್ಲಿಯೂ ಸಿಗುವುದಿಲ್ಲವಂತೆ. ಆದ್ದರಿಂದ ಎಲ್ಲಕ್ಕಿಂತ ಹೊಸ ಮಾಡೆಲನ್ನೇ ಕಳುಹಿಸುತ್ತಾರಂತೆ. ಅಹಮದಾಬಾದಿನ ಮಾಲೀಕರು ಹೇಳಿದ ಅದೃಷ್ಟ ಕೊನೆಗೂ ನಿಜವಾಯಿತು. ಮಗಳು ಸ್ಪರ್ಧೆಗೆ ಹೋಗಿ ಎರಡನೆಯ ಬಹುಮಾನ ತಂದಳು. ಬಹುಮಾನ ಲ್ಯಾಪ್‌ಟಾಪಿನ ಬ್ಯಾಗು. ಹೊಸ ಯಂತ್ರ ಎಂಥ ಯುದ್ಧದಲ್ಲಿಯೂ ತಣ್ಣಗೇ ಇರುತ್ತಿದ್ದುದರಿಂದ ನಮ್ಮ ಇಡ್ಲಿಗಳು ಮತ್ತೆ ಕಲ್ಲಾದವು.

ಆ ದಿನಗಳಲ್ಲಿ ಬಾ ಮಗಳನ್ನು ಕಟ್ಟಡದ ಮೆಟ್ಟಿಲ ಬಳಿ ನಿಲ್ಲಿಸಿ, "ಹೊಸದು ಬಂತಂತೆ?" ಎಂದು ಕೇಳಿದರಂತೆ. ಅವಳು, "ಹೌದು ಬಾ, ಪೂರ್ತಿ ಹೊಸದು, ಒಂದು ಪೈಸೆಯೂ ಕೊಡಲಿಲ್ಲ" ಎಂದಳಂತೆ. ಇದನ್ನು ನಾನು ಮರೆತೇಬಿಟ್ಟಿದ್ದೆ.

ಮರುವರ್ಷದ ನವರಾತ್ರಿಗೆ ಬಾ ಇಡೀ ಕಟ್ಟಡದ ಹೆಂಗಸರನ್ನು ಕರೆದುಕೊಂಡು ಬಂದರು. ಯಾರೂ ಗೊಂಬೆಗಳನ್ನು ನೋಡಲಿಲ್ಲ, ಉಸಲಿಯನ್ನೂ ಮುಟ್ಟಲಿಲ್ಲ. ಬಾ ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಇಳಿದು, ಬೋರಲು ಮಲಗಿ, ಪಂಚೆಯ ಒಳಗೆ ತಲೆಯಿಟ್ಟರು. ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಸೊಸೆಯ ಕೈ ಹಿಡಿದು ಎದ್ದು ಕುಳಿತು, ನನ್ನನ್ನು ಹತ್ತಿರ ಕರೆದರು.

"ನೋಡು ಬೆಹನ್, ನನಗೆ ಲ್ಯಾಪ್‌ಟಾಪ್ ಬೇಡ. ನಮ್ಮ ಮನೆಯ ಮಿಕ್ಸರ್ ಕೆಟ್ಟಿದೆ. ಅದಕ್ಕೆ ಯಾವ ಮೆಟ್ಟಿಲು?"

ಇನ್ನು ಸುಮ್ಮನಿರಬಾರದು, ಎಲ್ಲವನ್ನೂ ಬಿಡಿಸಿ ಹೇಳಿಬಿಡೋಣ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ, ಮೂಲೆಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಯಜಮಾನರು ತಲೆ ಎತ್ತದೆಯೇ ಹೇಳಿದರು:

"ಮಿಕ್ಸರಾ? ಮೊದಲನೆಯದು. ಎಡಗಡೆ."