ಸಾಣೆ ಹಿಡಿದ ಗಾಲಿ

ನಾಲ್ಕನೆಯ ಬಿಳಿ ಟೈಲ್ಸೂ ಸಾಯಬಣ್ಣನ ಕೈಯಲ್ಲಿ ಹಪ್ಪಳದಂತೆ ಮುರಿಯಿತು. ಶಹಾಬಾದದಲ್ಲಿ ಇಪ್ಪತ್ತು ವರ್ಷ ಫರಸಿ ಕಲ್ಲು ಹಾಸಿದ ಗೌಂಡಿ ಅವನು; ಟೈಲ್ಸಿನ ಕೆಲಸ ಇದೇ ಮೊದಲು. ಪದ್ಮಾಬಾಯಿಯವರ ಬಚ್ಚಲುಮನೆಯ ಗೋಡೆಯೆಲ್ಲ ಮುಗಿದು ಮೂಲೆಯ ಒಂದು ತುಂಡು ಮಾತ್ರ ಬಾಕಿಯಿತ್ತು. ಸಂಜೆ ಗುತ್ತೇದಾರ ಹಣಮಂತರಾಯರು ನೋಡಲು ಬರುವವರಿದ್ದರು. ಮೆಚ್ಚಿದರೆ ಆದಿತ್ಯನಗರದ ಹೊಸ ಮನೆಗಳ ಟೈಲ್ಸ್ ಕೆಲಸವೆಲ್ಲ ಅವನದೇ.

"ಗಾಲಿ ಸವದ್ಹೋಗ್ಯಾದ್ರಿ," ಎಂದ ಸಾಯಬಣ್ಣ, ಟೈಲ್ಸ್ ಕೊಯ್ಯುವ ಕಟ್ಟರಿನ ಪುಟ್ಟ ಗಾಲಿಯನ್ನು ಬೆಳಕಿಗೆ ಹಿಡಿದು.

ಚಾಕು, ಕತ್ತರಿ ಸಾಣೆ ಹಿಡಿಯುವ ಪಕ್ಕದ ಮನೆಯ ಖಾಜಾ ಅಂಗಳದ ಗೋಡೆಯ ಮೇಲಿಂದ ಕತ್ತು ಚಾಚಿದ. "ಇಕಡೆ ಕೊಡು ಅಣ್ಣಾ. ಎರಡು ಮಿನಿಟ್‌ನ್ಯಾಗ ಮೀಸಿ ಬೋಳಸೋ ಹಂಗ ಮಾಡ್ತೀನಿ."

ಕಿಡಿ ಹಾರಿಸಿ ಮಾಡಿಯೂ ಕೊಟ್ಟ. ಐದನೆಯ ಟೈಲ್ಸು ಅಡ್ಡಾದಿಡ್ಡಿ ಮುರಿಯಿತು.

"ಎಷ್ಟು ಸಾಣಿ ಹಿಡದ್ರೂ ಹಳೇದು ಹಳೇದೇ," ಎಂದರು ಪದ್ಮಾಬಾಯಿ. "ಗುಲಬರ್ಗಾಕ್ಕ ಹೋಗಿ ಹೊಸಾದು ತಗೊಂಡು ಬಾ. ಟೈಲ್ಸ್ ಇನ್ನ ಎರಡೇ ಉಳದಾವ ನೋಡು."

ಸಾಯಬಣ್ಣ ಊಟ ಬಿಟ್ಟು ರೈಲು ಹಿಡಿದ, ನಾಲ್ಕು ಅಂಗಡಿ ಅಲೆದು ಹೊಸ ಗಾಲಿ ತಂದ. ಈ ಸಲವೂ ಫರಸಿಗೆ ಮಾಡುವ ರೂಢಿಯಂತೆ, ಮುಖಕ್ಕೆ ಗೀರು ಬೀಳಬಾರದೆಂದು ಟೈಲ್ಸನ್ನು ಮಗುಚಿ ಹಾಕಿ ಬೆನ್ನ ಮೇಲೆ ಗಾಲಿ ಎಳೆದ. ಅದೂ ಮೂರು ಚೂರಾಯಿತು.

"ನನ್ನ ಸಾಣಿ ಗಾಲೀನೇ ಹಾಕು," ಎಂದು ಖಾಜಾ ಗೋಡೆಯಾಚೆಯಿಂದ ಕೂಗಿದ. ಸಾಯಬಣ್ಣ ಸಿಟ್ಟಿನಲ್ಲಿ ಹಳೆಯದನ್ನೇ ಮತ್ತೆ ಹಾಕಿದ. ಉಳಿದದ್ದು ಒಂದೇ ಟೈಲ್ಸು; ಅದನ್ನೂ ಬೋರಲು ಹಾಕಿದ.

ಪದ್ಮಾಬಾಯಿ ಬಗ್ಗಿ ಮೆಲ್ಲಗೆ ಕೇಳಿದರು. "ಅಲ್ಲಪಾ, ಬೋರಲ ಯಾಕ ಹಾಕ್ತಿ? ಬೆನ್ನೆಲ್ಲಾ ಗೆರಿ ಗೆರಿ ಅದ, ಗಾಲಿ ಹ್ಯಾಂಗ ಹೋಗಬೇಕು? ಹೊಳಪಿದ್ದ ಮಗ್ಗಲಾ ಮ್ಯಾಲ ಮಾಡಿ ನೋಡು."

ಹಾಗೇ ಮಾಡಿ ಎಳೆದು ಒತ್ತಿದ. ಟೈಲ್ಸು ನೆಟ್ಟಗೆ ಎರಡಾಯಿತು.

"ವಾಹ್!" ಹಣಮಂತರಾಯರು ಆಗಲೇ ಬಾಗಿಲಿಗೆ ಬಂದಿದ್ದರು. "ಹೊಸಾ ಗಾಲಿ ಇಲ್ಲೇ ಬಿದ್ದದ, ಹಳೇದರಲೆ ಇಷ್ಟು ಸಾಫ್ ಕೊಯ್ದಿ?"

"ಹೊಸಾದು ಒಡೀತು, ನನ್ನ ಸಾಣಿ ಕೊಯ್ತು ಸಾಹೇಬ್ರ!" ಎಂದು ಖಾಜಾ ಗೋಡೆ ಹಾರಿಯೇ ಬಂದ.

"ಖರೇ ಏನೋ ಸಾಯಬಣ್ಣಾ?"

ಸಾಯಬಣ್ಣ ಚೂರುಗಳ ರಾಶಿ ನೋಡಿದ. ಅಲ್ಲವೆಂದರೆ ಬೋರಲು ಕೊಯ್ದ ಕತೆ ಹೇಳಬೇಕು; ಕುಣಿಯಲಾರದವಳಿಗೆ ಅಂಗಳ ಡೊಂಕು ಎಂದು ಊರೆಲ್ಲ ನಗುತ್ತದೆ. ಅವನಿಗೆ ವಿಪರೀತ ನಾಚಿಕೆಯಾಯಿತು. ಪದ್ಮಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು.

"ಖರೇನ್ರಿ," ಎಂದ.

"ಗೌಂಡಿಗಳು ನನ್ನ ಹಂತ್ಯಾಕ ಭಾಳ ಮಂದಿ ಅದಾರ," ಎಂದರು ರಾಯರು. "ಇಂಥಾ ಸಾಣಿ ಹಿಡಿಯೋವ್ನೇ ಸಿಕ್ಕಿದ್ದಿಲ್ಲ. ಖಾಜಾ, ನಾಳಿ ಮುಂಜಾನೆ ಆದಿತ್ಯನಗರಕ್ಕ ಬಂದುಬಿಡು."