ತಿರುಗಿ ಕುಳಿತ ಪ್ಲೇಟು

ಎಲ್ಲಕ್ಕೂ ಕಾರಣ ಕತ್ತರಿಸಿದ ಒಂದು ಮೂಲೆ. ಜೀನೋಮ್ ಓದುವ ಆ ಲ್ಯಾಬಿನಲ್ಲಿ ತೊಂಬತ್ತಾರು ರೋಗಿಗಳ ಡಿಎನ್‌ಎ ತೊಂಬತ್ತಾರು ಪುಟ್ಟ ಗುಳಿಗಳ ಒಂದೇ ಪ್ಲೇಟಿನಲ್ಲಿರುತ್ತದೆ. ಅದರ ಕತ್ತರಿಸಿದ ಮೂಲೆ ಎಡಕ್ಕೆ ಬರುವಂತೆ ಯಂತ್ರದೊಳಗೆ ಇಡಬೇಕು. ನಮ್ಮ ಟೆಕ್ನಿಷಿಯನ್ ಬೆಳಿಗ್ಗೆ ಗಡಿಬಿಡಿಯಲ್ಲಿ ಇಟ್ಟಿದ್ದ. ಯಂತ್ರ ಶುರುವಾಗಿ ಎರಡು ಗಂಟೆಯಾದ ಮೇಲೆ ಇಣುಕಿದರೆ, ಮೂಲೆ ಬಲಕ್ಕಿತ್ತು!

ಇನ್ನು ಮೊದಲ ರೋಗಿಯ ಕಾಯಿಲೆ ಕೊನೆಯವನ ಪಾಲಿಗೆ, ಕೊನೆಯವನದು ಮೊದಲನೆಯವನಿಗೆ. ಅವನಿಗೆ ಆಗಲೇ ಎರಡು ಎಚ್ಚರಿಕೆಯ ಮೆಮೊ ಬಿದ್ದಿದ್ದವು. ಮೂರನೆಯದು ಬಿದ್ದರೆ ಕೆಲಸವಿಲ್ಲ. ಅತ್ತ ಮಾವನವರು 'ನಮ್ಮ ಅಳಿಯ ವಿಜ್ಞಾನಿ' ಎಂದು ಬೀದಿಗೆಲ್ಲ ಸಾರಿ ಮುಗಿಸಿದ್ದರು.

"ಯಾಕೋ, ಮುಖ ಸುಣ್ಣದ ಥರ ಆಗಿದೆ?" ಪಕ್ಕದ ಮೇಜಿನ ಅಕ್ಕ ಕೇಳಿದಳು. ಲ್ಯಾಬಿನಲ್ಲಿ ಯಾರಿಗೆ ಸೀನು ಬಂದರೂ ಅವಳಿಗೆ ತಿಳಿಯಲೇಬೇಕು.

"ಏನಿಲ್ಲ ಅಕ್ಕ, ಗ್ಯಾಸ್ಟ್ರಿಕ್ಕು."

"ಬಿಸಿನೀರು ಕುಡಿ. ಎಲ್ಲಾ ಸರಿಯಾಗಿದೆ, ತಲೆ ಕೆಡಿಸ್ಕೋಬೇಡ," ಎಂದು ನಕ್ಕಳು.

ದಾರಿ ಒಂದಿತ್ತು. ಕಂಪ್ಯೂಟರಿನಲ್ಲಿ ರೋಗಿಗಳ ಪಟ್ಟಿಯನ್ನು ತಲೆಕೆಳಗು ಮಾಡುವ ಬಟನ್ ಇದೆ. ಅದನ್ನೊತ್ತಿದರೆ ಯಾರ ಡಿಎನ್‌ಎ ಅವರಿಗೇ. ಆದರೆ ಆ ಕಂಪ್ಯೂಟರು ಇದ್ದದ್ದು ಮುಖ್ಯಸ್ಥರ ಬಾಗಿಲೆದುರು. ಅವರಿಗೆ ಎಲ್ಲರೂ ಇಟ್ಟ ಹೆಸರು ಭೂತಗನ್ನಡಿ. ಮೂರು ಸಲ ಹೋಗಿ ಮೂರು ಸಲವೂ ಕೆಮ್ಮು ಕೇಳಿ ವಾಪಸು ಬಂದ.

ನಾಲ್ಕನೆಯ ಸಲ ಪಟ್ಟಿ ತೆರೆದ. ಬರೀ ನಂಬರುಗಳು, ಇರುವೆ ಸಾಲಿನ ಹಾಗೆ. ಓದಲು ಪುರುಸೊತ್ತೆಲ್ಲಿ? ಒಳಗೆ ಕುರ್ಚಿ ಸರಿದ ಸದ್ದಾಯಿತು. ಕಣ್ಮುಚ್ಚಿ ಬಟನ್ ಒತ್ತಿದ.

"ಏನ್ರೀ ಮಾಡ್ತಿದೀರಿ?"

"ಪ... ಪಟ್ಟಿ ನೋಡ್ತಿದ್ದೆ ಸರ್."

"ಪರವಾಗಿಲ್ವೇ, ಜವಾಬ್ದಾರಿ ಬಂತು! ಸರೀರಿ, ಈಗ್ಲೇ ಸಹಿ ಹಾಕ್ಬಿಡ್ತೀನಿ."

ಸಹಿ ಬಿದ್ದು ಪಟ್ಟಿಗೆ ಬೀಗವಾಯಿತು. ಇನ್ನು ಅದನ್ನು ತೆರೆಯಬೇಕಾದರೆ, ತಪ್ಪು ಮಾಡಿದವರ ಹೆಸರು ಬರೆದು ಫಾರಂ ಕೊಡಬೇಕು. ಅದರ ಗೊಡವೆ ತನಗೇಕೆ ಎಂದುಕೊಂಡು ಅವನು ಹಗುರಾಗಿ ಮೇಜಿಗೆ ಬಂದು ಬಿಸಿನೀರು ಕುಡಿಯತೊಡಗಿದ.

ಅಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. "ಈಗ ಹೇಳ್ತೀನಿ ಕೇಳು. ಬೆಳಿಗ್ಗೆ ನಿನ್ನ ಪ್ಲೇಟು ತಿರುಗಿ ಕೂತಿತ್ತು ಕಣೋ! ನಿಂಗೆ ಹೇಳಿದ್ರೆ ಗಾಬರಿ ಆಗ್ತೀಯ ಅಂತ ನಾನೇ ಹೋಗಿ ಪಟ್ಟೀನ ಉಲ್ಟಾ ಮಾಡ್ಬಂದೆ."

ಅವನು ಲೋಟ ಕೆಳಗಿಟ್ಟ. ಸರಿಯಾಗಿದ್ದ ಪಟ್ಟಿಯನ್ನು ತಾನೇ ಕೈಯಾರೆ ಕೆಡಿಸಿ ಬೀಗ ಹಾಕಿಸಿದ್ದ. ತೊಂಬತ್ತಾರು ಜನರ ಮುಖ ಕಣ್ಣೆದುರು ಬಂದಂತಾಗಿ, ಕಾಲೆಳೆದುಕೊಂಡು ಮತ್ತೆ ಆ ಬಾಗಿಲಿಗೆ ಹೋದ.

"ಸರ್, ಆ ತಪ್ಪಿನ ಫಾರಂ ಬೇಕಿತ್ತು."

ಭೂತಗನ್ನಡಿಯ ಮುಖ ಅರಳಿತು. "ಭೇಷ್! ಬೇರೆಯವರ ತಪ್ಪು ಹಿಡಿಯೋ ಮಟ್ಟಕ್ಕೆ ಬಂದ್ರಲ್ರೀ!" ಎಂದು ತಾವೇ ಪೆನ್ನಿನ ಮುಚ್ಚಳ ತೆಗೆದರು. "ಹೇಳಿ, ಯಾರ ಹೆಸರು ಬರೀಲಿ?"